ಕಪ್ಪುಕುಳಿಯ ಭಯ, ಊರ ನೀರಿನ ಭಯ

2008ರ ಸೆಪ್ಟೆಂಬರ್ 10ರಂದು ಜಿನೀವಾದ ಹೊರವಲಯದಲ್ಲಿರುವ ಸರ್ನ್ ಪ್ರಯೋಗಾಲಯದಲ್ಲಿ ಪ್ರೋಟಾನ್ ಕಂತೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯಲೇ ಇಲ್ಲ. 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಮೊದಲು ಒಂದು ದಿಕ್ಕಿಗೆ, ಆಮೇಲೆ ಇನ್ನೊಂದು ದಿಕ್ಕಿಗೆ ಕಂತೆಯನ್ನು ಸುತ್ತಿಸಿ, ಯಂತ್ರ ಸರಿಯಾಗಿ ಓಡುತ್ತದೆಯೇ ಎಂದು ನೋಡಿದರು. ಆ ಕಣಗಳ ಶಕ್ತಿಯೂ ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ವರ್ಷಗಳಿಂದ ಬಳಕೆಯಲ್ಲಿದ್ದ ಶಕ್ತಿಗಿಂತ ಕಡಿಮೆಯೇ ಇತ್ತು. ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಎಂಬ ಈ ಯಂತ್ರದಲ್ಲಿ ಮೊದಲ ಡಿಕ್ಕಿ ನಡೆದದ್ದು ಮರುವರ್ಷ, 2009ರ ನವೆಂಬರ್‌ನಲ್ಲಿ.

ಅಂದು ಡಿಕ್ಕಿಯೇ ಇರಲಿಲ್ಲ ಎಂಬುದು ನಮ್ಮ ಬಹಳ ಜನಕ್ಕೆ ತಲುಪಲಿಲ್ಲ. ಆ ವಾರವಿಡೀ ಭಾರತದ ಸುದ್ದಿವಾಹಿನಿಗಳು ಭೂಮಿ ಕಪ್ಪುಕುಳಿಯೊಳಗೆ ಸೇರಿಹೋಗುವ ಚಿತ್ರಗಳನ್ನು ತೋರಿಸಿದವು, ಪ್ರಳಯಕ್ಕೆ ಎಷ್ಟು ಗಂಟೆ ಉಳಿದಿದೆ ಎಂದು ಎಣಿಸಿದವು. ಅದನ್ನು ನೋಡಿ ನೋಡಿ ಹೆದರಿದ ಮಧ್ಯಪ್ರದೇಶದ ಹದಿಹರೆಯದ ಹುಡುಗಿಯೊಬ್ಬಳು ತನ್ನ ಜೀವ ತೆಗೆದುಕೊಂಡಳು ಎಂದು ಆಕೆಯ ತಂದೆ ಪತ್ರಕರ್ತರಿಗೆ ಹೇಳಿದರು. ಜಗತ್ತಿನ ಅತಿ ದೊಡ್ಡ ಭೌತವಿಜ್ಞಾನ ಪ್ರಯೋಗ ಶುರುವಾಗುವ ಮೊದಲೇ, ಅದರ ಬಗೆಗಿನ ಭಯ ಒಂದು ಮನೆಯ ಮಗಳನ್ನು ಬಲಿ ತೆಗೆದುಕೊಂಡಿತ್ತು. ಭಯ ಸುಳ್ಳಾದರೂ ಅದರ ಪರಿಣಾಮ ಸುಳ್ಳಲ್ಲ. ಆದ್ದರಿಂದಲೇ ಈ ಭಯವನ್ನು ಮೂಢನಂಬಿಕೆ ಎಂದು ಬದಿಗೆ ತಳ್ಳುವವರ ಜೊತೆ ನಾನು ನಿಲ್ಲಲಾರೆ.

ಕಳೆದ ಎಂಬತ್ತು ವರ್ಷಗಳಲ್ಲಿ ಭೌತವಿಜ್ಞಾನದ ದೊಡ್ಡ ಪ್ರಯೋಗಗಳ ಸುತ್ತ ಎದ್ದ ಭಯಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಎರಡು ಜಾತಿ ಕಾಣುತ್ತವೆ. ಒಂದು, ಇಡೀ ಜಗತ್ತೇ ನಾಶವಾದೀತು ಎಂಬುದು. ಇನ್ನೊಂದು, ನಮ್ಮ ಬಾವಿ ಬತ್ತೀತು, ನಮ್ಮ ಗುಡ್ಡ ಹೋದೀತು, ನಮ್ಮನ್ನು ಯಾರೂ ಕೇಳುವುದಿಲ್ಲ ಎಂಬುದು. ಮೊದಲನೆಯದಕ್ಕೆ ವಿಜ್ಞಾನಿಗಳು ಬಹಳ ಶ್ರಮಪಟ್ಟು ಉತ್ತರ ಹುಡುಕಿದ್ದಾರೆ. ಆ ಉತ್ತರ ಗಟ್ಟಿಯಾಗಿಯೂ ಇದೆ. ಎರಡನೆಯದನ್ನು ಅವರು ಹೆಚ್ಚಾಗಿ ಅಡಚಣೆ ಎಂದೇ ನೋಡಿದ್ದಾರೆ. ಆದರೆ ಇದುವರೆಗೆ ಭಯದಿಂದಲ್ಲ, ಪ್ರಯೋಗಗಳಿಂದಲೇ ನಿಜವಾಗಿ ಆದ ಹಾನಿಯೆಲ್ಲ ಎರಡನೆಯ ಕಡೆಯಿಂದಲೇ ಬಂದದ್ದು.

ಕಥೆ ಶುರುವಾಗುವುದು 1942ರ ಬೇಸಿಗೆಯಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಅಣುಬಾಂಬಿನ ಸಾಧ್ಯತೆ ಚರ್ಚಿಸಲು ಓಪನ್‌ಹೈಮರ್ ಕರೆದ ಕೂಟದಲ್ಲಿ ಎಡ್ವರ್ಡ್ ಟೆಲ್ಲರ್ ಒಂದು ಪ್ರಶ್ನೆ ಎತ್ತಿದ. ಸ್ಫೋಟದ ಶಾಖಕ್ಕೆ ಗಾಳಿಯಲ್ಲಿರುವ ನೈಟ್ರೋಜನ್ ಪರಮಾಣುಗಳು ಬೆಸೆದುಕೊಳ್ಳತೊಡಗಿ, ಇಡೀ ವಾತಾವರಣವೇ ಹೊತ್ತಿಕೊಂಡರೆ? ಹಾನ್ಸ್ ಬೆಥೆ ಲೆಕ್ಕ ಹಾಕಿ ಆಗದು ಎಂದ. ಹುಟ್ಟುವ ಶಾಖಕ್ಕಿಂತ ವಿಕಿರಣವಾಗಿ ಸೋರಿಹೋಗುವ ಶಾಖವೇ ಹೆಚ್ಚು, ಉರಿ ತನ್ನಷ್ಟಕ್ಕೆ ಮುಂದುವರಿಯಲಾರದು ಎಂಬುದು ಅವನ ತರ್ಕ. ಆಮೇಲೆ ಕೊನೊಪಿನ್‌ಸ್ಕಿ, ಮಾರ್ವಿನ್ ಮತ್ತು ಟೆಲ್ಲರ್ ಅದನ್ನು ವಿವರವಾಗಿ ಬರೆದ ವರದಿ 1946ರ ತಾರೀಖು ಹೊತ್ತಿದೆ. 1945ರ ಜುಲೈ 16ರಂದು ನ್ಯೂ ಮೆಕ್ಸಿಕೊ ಮರುಭೂಮಿಯಲ್ಲಿ ಬಾಂಬ್ ಸಿಡಿಯಿತು. ಆಕಾಶ ಹೊತ್ತಿಕೊಳ್ಳಲಿಲ್ಲ.

ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ವಿಜ್ಞಾನಿಗಳ ಲೆಕ್ಕ ಸರಿಯಾಗಿತ್ತು, ಭಯ ತಪ್ಪಾಗಿತ್ತು ಎಂಬ ಪಾಠಕ್ಕಾಗಿ. ನನಗೆ ಮುಂದಿನ ಭಾಗವೇ ಮುಖ್ಯ. ಟ್ರಿನಿಟಿ ಎಂಬ ಹೆಸರಿನ ಆ ಪರೀಕ್ಷೆಯ ಸುತ್ತಲಿನ ತುಲಾರೋಸ ಬಯಲಿನಲ್ಲಿ, ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ಕುಡಿಯುವ ಸಂಸಾರಗಳಿದ್ದವು. ಅವರಿಗೆ ಮುನ್ಸೂಚನೆ ಕೊಡಲಿಲ್ಲ, ಅವರನ್ನು ಎಬ್ಬಿಸಿ ಬೇರೆಡೆಗೆ ಒಯ್ಯಲಿಲ್ಲ. ಬೂದಿ ಅವರ ಸೂರಿನ ಮೇಲೆ, ಹೊಲದ ಮೇಲೆ, ದನಗಳ ಬೆನ್ನ ಮೇಲೆ ಬಿತ್ತು. ವಿಕಿರಣಕ್ಕೆ ತುತ್ತಾದವರಿಗೆ ಪರಿಹಾರ ಕೊಡುವ ಕಾನೂನನ್ನು ಅಮೆರಿಕ 1990ರಲ್ಲಿ ಮಾಡಿತಾದರೂ ಟ್ರಿನಿಟಿಯ ನೆರೆಯವರು ಅದರೊಳಗೆ ಸೇರಿದ್ದು 2025ರಲ್ಲಿ, ಎಂಬತ್ತು ವರ್ಷಗಳ ಮೇಲೆ. ಇಡೀ ವಾತಾವರಣದ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದ ಜಗತ್ತಿನ ಅತಿ ಬುದ್ಧಿವಂತರ ಗುಂಪಿನ ಲೆಕ್ಕದಲ್ಲಿ ಪಕ್ಕದ ಊರಿನ ತೊಟ್ಟಿ ಇರಲಿಲ್ಲ.

ಲೆಕ್ಕವೇ ತಪ್ಪಿದ ಸಂದರ್ಭವೂ ಇದೆ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಸಿಡಿಸಿದ ಜಲಜನಕ ಬಾಂಬಿನಿಂದ ಸುಮಾರು 6 ಮೆಗಾಟನ್ ಶಕ್ತಿ ಬರುತ್ತದೆಂದು ಅಂದಾಜಿಸಿದ್ದರು. ಬಂದದ್ದು 15. ಇಂಧನದಲ್ಲಿದ್ದ ಲಿಥಿಯಂ-7 ಸುಮ್ಮನಿರುತ್ತದೆ ಎಂದು ನಂಬಿದ್ದರು, ಅದು ಸುಮ್ಮನಿರಲಿಲ್ಲ. ರೊಂಗೆಲಾಪ್ ದ್ವೀಪದ ಜನರ ಮೇಲೆ ವಿಕಿರಣದ ಪುಡಿ ಮಳೆಯಂತೆ ಸುರಿಯಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯ 23 ಜನರೂ ಅದಕ್ಕೆ ಸಿಕ್ಕಿದರು, ಅವರಲ್ಲೊಬ್ಬರು ಅದೇ ವರ್ಷ ತೀರಿಕೊಂಡರು. ಇವು ಗುಟ್ಟಾಗಿ ನಡೆದ ಶಸ್ತ್ರಾಸ್ತ್ರ ಪರೀಕ್ಷೆಗಳು. ಇವನ್ನೂ ಸರ್ನ್‌ನಂಥ ಬಹಿರಂಗ ಪ್ರಯೋಗಾಲಯವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ. ಸೇನೆಯ ಕೆಲಸ ಮಾಡಕೂಡದು, ಫಲಿತಾಂಶವನ್ನು ಪ್ರಕಟಿಸಲೇಬೇಕು ಎಂಬುದು ಸರ್ನ್‌ನ 1953ರ ಒಪ್ಪಂದದಲ್ಲೇ ಇದೆ. ಆದರೆ ಜನರ ನೆನಪು ಹಾಗೆ ವಿಂಗಡಿಸಿಕೊಂಡು ಕೂರುವುದಿಲ್ಲ. ಬಿಳಿ ಕೋಟಿನವರು ಹಿಂದೊಮ್ಮೆ ಏನೂ ಆಗುವುದಿಲ್ಲ ಎಂದಿದ್ದರು ಎಂಬುದಷ್ಟೇ ಉಳಿಯುತ್ತದೆ.

ಜಗತ್ತಿನ ನಾಶದ ಪ್ರಶ್ನೆ ಕಣವೇಗವರ್ಧಕಗಳ ವಿಷಯದಲ್ಲಿ ದೊಡ್ಡದಾಗಿ ಕೇಳಿಬಂದದ್ದು 1999ರಲ್ಲಿ. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯ ಚಿನ್ನದ ಪರಮಾಣು ಬೀಜಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಒಯ್ದು ಡಿಕ್ಕಿ ಹೊಡೆಸುವ ಯಂತ್ರವನ್ನು ಸಿದ್ಧಪಡಿಸಿತ್ತು. ಇದರಲ್ಲಿ ಕಪ್ಪುಕುಳಿ ಹುಟ್ಟಬಹುದೇ ಎಂದು ವಾಲ್ಟರ್ ವ್ಯಾಗ್ನರ್ ಎಂಬವರು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಗೆ ಪತ್ರ ಬರೆದರು. ಉತ್ತರಿಸಿದ ಫ್ರ್ಯಾಂಕ್ ವಿಲ್ಚೆಕ್ ಕಪ್ಪುಕುಳಿಯನ್ನು ತಳ್ಳಿಹಾಕಿದರೂ ಸ್ಟ್ರೇಂಜ್‌ಲೆಟ್ ಎಂಬ ಇನ್ನೊಂದು ಊಹೆಯ ಹೆಸರೆತ್ತಿದರು. ಅದು ಮುಟ್ಟಿದ ಪರಮಾಣುಗಳನ್ನೆಲ್ಲ ತನ್ನಂತೆಯೇ ಮಾಡಿಕೊಳ್ಳಬಲ್ಲ ವಿಚಿತ್ರ ದ್ರವ್ಯದ ತುಣುಕು. ಅಂಥದ್ದು ಹುಟ್ಟುವ ಸಂಭವ ತೀರಾ ಇಲ್ಲ ಎಂದೇ ಅವರು ಬರೆದಿದ್ದರು. ಆದರೆ ವಾರಗಳಲ್ಲಿ ಲಂಡನ್ನಿನ ಪತ್ರಿಕೆಯ ತಲೆಬರಹದಲ್ಲಿ ಭೂಮಿಯೇ ನಾಶವಾಗಬಹುದು ಎಂದಾಯಿತು. ಪ್ರಯೋಗಾಲಯದ ನಿರ್ದೇಶಕ ಜಾನ್ ಮಾರ್ಬರ್ಗರ್ ನಾಲ್ವರು ಭೌತವಿಜ್ಞಾನಿಗಳ ಸಮಿತಿ ಮಾಡಿದರು. ವಿಲ್ಚೆಕ್ ಅದರಲ್ಲೊಬ್ಬರು.

ಆ ಸಮಿತಿ ನೋಡಿದ ಅಪಾಯಗಳು ಮೂರು. ಕಪ್ಪುಕುಳಿ, ಸ್ಟ್ರೇಂಜ್‌ಲೆಟ್, ಮತ್ತು ನಾವಿರುವ ನಿರ್ವಾತವೇ ಇನ್ನೊಂದು ಸ್ಥಿತಿಗೆ ಜಾರಿಬೀಳುವುದು. ಕಪ್ಪುಕುಳಿ ಹುಟ್ಟುವ ಸಂಭವ ಲೆಕ್ಕದಲ್ಲೇ ತೀರಾ ನಗಣ್ಯ ಎಂದು ಕಂಡಿತು. ಉಳಿದೆರಡಕ್ಕೆ ಪ್ರಧಾನ ಉತ್ತರ ವಿಶ್ವಕಿರಣಗಳಿಂದ ಬಂತು. ಪ್ರಯೋಗಾಲಯದಲ್ಲಿ ನಾವು ಮಾಡುವ ಡಿಕ್ಕಿಗಳನ್ನು ಪ್ರಕೃತಿ ಕೋಟ್ಯಂತರ ವರ್ಷಗಳಿಂದ ಮಾಡುತ್ತಲೇ ಇದೆ. ಚಂದ್ರನಿಗೆ ವಾತಾವರಣದ ಹೊದಿಕೆ ಇಲ್ಲ. ವೇಗವಾಗಿ ಬರುವ ಕಬ್ಬಿಣದ ಪರಮಾಣು ಬೀಜಗಳು ಅವನ ನೆಲಕ್ಕೆ ನೇರವಾಗಿ ಬಡಿಯುತ್ತವೆ. ಚಂದ್ರ ಇನ್ನೂ ಅಲ್ಲೇ ಇದ್ದಾನೆ.

ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನ ಹೊತ್ತಿಗೆ ಈ ವಾದ ಇನ್ನಷ್ಟು ಬಲವಾಯಿತು. ಅಲ್ಲಿನ ಒಂದು ಡಿಕ್ಕಿಯ ಒಟ್ಟು ಶಕ್ತಿ, 14 ಟೆರಾ ಎಲೆಕ್ಟ್ರಾನ್ ವೋಲ್ಟ್ ಎಂದೇ ಇಟ್ಟುಕೊಂಡರೂ, ಹಾರುವ ಹತ್ತು ಹನ್ನೆರಡು ಸೊಳ್ಳೆಗಳ ಶಕ್ತಿಯಷ್ಟು. ಅದು ಪರಮಾಣುವಿಗಿಂತ ಬಹಳ ಚಿಕ್ಕ ಜಾಗದಲ್ಲಿ ಅಡಕವಾಗಿರುತ್ತದೆ ಎಂಬುದೇ ವಿಶೇಷ. ನಿಂತ ಪ್ರೋಟಾನ್ ಒಂದಕ್ಕೆ ವಿಶ್ವಕಿರಣ ಬಡಿದು ಇಷ್ಟೇ ಪರಿಣಾಮ ಆಗಬೇಕಾದರೆ ಅದರ ಶಕ್ತಿ ಒಂದರ ಮುಂದೆ 17 ಸೊನ್ನೆ ಹಾಕಿದಷ್ಟು ಎಲೆಕ್ಟ್ರಾನ್ ವೋಲ್ಟ್ ಇರಬೇಕು. ಅಂಥ ಕಿರಣಗಳೂ, ಅದಕ್ಕಿಂತ ಸಾವಿರಾರು ಪಟ್ಟು ಬಲವಾದವೂ ನಮ್ಮ ಮೇಲೆ ಬೀಳುತ್ತಲೇ ಇವೆ. ಸರ್ನ್ 2008ರಲ್ಲಿ ಪ್ರಕಟಿಸಿದ ಸುರಕ್ಷತಾ ವರದಿಯ ಪ್ರಕಾರ, ಭೂಮಿ ಹುಟ್ಟಿದಾಗಿನಿಂದ ಪ್ರಕೃತಿ ಇಡೀ ಕೊಲೈಡರ್ ಕಾರ್ಯಕ್ರಮವನ್ನು ಈ ಒಂದು ಗ್ರಹದ ಮೇಲೆಯೇ ಸುಮಾರು ಒಂದು ಲಕ್ಷ ಸಲ ನಡೆಸಿಯಾಗಿದೆ.

ಇದಕ್ಕೊಂದು ಒಳ್ಳೆಯ ಆಕ್ಷೇಪ ಬಂತು. ವಿಶ್ವಕಿರಣದ ಡಿಕ್ಕಿಯಲ್ಲಿ ಹುಟ್ಟಿದ ಕಪ್ಪುಕುಳಿ ಅದೇ ವೇಗದಲ್ಲಿ ಭೂಮಿಯನ್ನು ಸೀಳಿಕೊಂಡು ಆಚೆ ಹೋಗಿಬಿಡಬಹುದು. ಕೊಲೈಡರ್‌ನಲ್ಲಾದರೆ ಎರಡು ಕಡೆಯಿಂದ ಬಂದ ಕಣಗಳು ಒಂದರ ವೇಗವನ್ನೊಂದು ಕಳೆಯುವುದರಿಂದ ಹುಟ್ಟಿದ್ದು ನಿಧಾನವಾಗಿದ್ದು ಭೂಮಿಯೊಳಗೇ ಉಳಿದುಬಿಡಬಹುದಲ್ಲ? ಪ್ರಶ್ನೆ ಕೇಳಿದವರು ಭೌತವಿಜ್ಞಾನವನ್ನು ಓದಿಕೊಂಡೇ ಕೇಳಿದ್ದರು. ಪುಟ್ಟ ಕಪ್ಪುಕುಳಿಗಳು ಹುಟ್ಟಿದ ಕ್ಷಣವೇ ಆವಿಯಾಗುತ್ತವೆ ಎಂಬ ಹಾಕಿಂಗ್‌ರ 1974ರ ಸಿದ್ಧಾಂತ ಇದಕ್ಕೆ ಸುಲಭದ ಉತ್ತರವಾಗಿತ್ತು. ಆದರೆ ಆ ಆವಿಯಾಗುವಿಕೆಯನ್ನು ಯಾರೂ ಕಂಡಿಲ್ಲ. ಕಾಣದ ಸಿದ್ಧಾಂತದ ಮೇಲೆ ಭೂಮಿಯ ಸುರಕ್ಷತೆಯನ್ನು ನಿಲ್ಲಿಸುವುದು ಸರಿಯೇ?

ಸರಿಯಲ್ಲ ಎಂದು ಒಪ್ಪಿಕೊಂಡು, ಆ ಸಿದ್ಧಾಂತವನ್ನು ಪಕ್ಕಕ್ಕಿಟ್ಟೇ ಕೆಲಸ ಮಾಡಿದವರು ಸ್ಟೀವನ್ ಗಿಡಿಂಗ್ಸ್ ಮತ್ತು ಮಿಕೆಲಾಂಜೆಲೊ ಮಂಗಾನೊ. ಕಪ್ಪುಕುಳಿ ಹುಟ್ಟುತ್ತದೆ, ಆವಿಯಾಗುವುದೂ ಇಲ್ಲ ಎಂದೇ ಇಟ್ಟುಕೊಳ್ಳೋಣ ಎಂದು ಅವರು ಶುರುಮಾಡಿದರು. ಭೂಮಿಯನ್ನು ದಾಟಿಹೋಗುವ ಕಪ್ಪುಕುಳಿ ಶ್ವೇತಕುಬ್ಜವನ್ನೋ ನ್ಯೂಟ್ರಾನ್ ತಾರೆಯನ್ನೋ ದಾಟಲಾರದು, ಅವು ಅಷ್ಟು ಸಾಂದ್ರ. ವಿಶ್ವಕಿರಣಗಳಿಂದ ಅಂಥ ಕಪ್ಪುಕುಳಿಗಳು ಹುಟ್ಟುತ್ತಿದ್ದರೆ ಆ ತಾರೆಗಳೊಳಗೆ ಸಿಕ್ಕಿಕೊಂಡು ಅವನ್ನು ಎಂದೋ ತಿಂದುಹಾಕಿರಬೇಕಿತ್ತು. ನೂರು ಕೋಟಿ ವರ್ಷಕ್ಕಿಂತ ಹಳೆಯ ಶ್ವೇತಕುಬ್ಜಗಳು ಆಕಾಶದಲ್ಲಿ ಕಾಣುತ್ತಲೇ ಇವೆ. ಹಾಗಾಗಿ ಅಂಥ ಕಪ್ಪುಕುಳಿಗಳು ಹುಟ್ಟುವುದಿಲ್ಲ, ಹುಟ್ಟಿದರೂ ಭೂಮಿಯನ್ನು ನುಂಗಲು ಅವಕ್ಕೆ ಸೂರ್ಯನ ಆಯುಷ್ಯಕ್ಕಿಂತ ಹೆಚ್ಚು ಕಾಲ ಬೇಕು. ಆಕ್ಷೇಪವನ್ನು ಅದರ ಪೂರ್ತಿ ಬಲದೊಂದಿಗೆ ಸ್ವೀಕರಿಸಿ, ಎದುರಾಳಿಗೆ ಅನುಕೂಲವಾದ ಎಲ್ಲ ಊಹೆಗಳನ್ನೂ ಬಿಟ್ಟುಕೊಟ್ಟು ಬರೆದ ಈ ಪ್ರಬಂಧವನ್ನು ಸಾರ್ವಜನಿಕ ಭಯಕ್ಕೆ ವಿಜ್ಞಾನ ಕೊಟ್ಟ ಅತ್ಯುತ್ತಮ ಉತ್ತರ ಎಂದು ನಾನು ಭಾವಿಸುತ್ತೇನೆ. ಭಯಪಟ್ಟವರ ಪ್ರಶ್ನೆಯೇ ಅದನ್ನು ಬರೆಸಿತು.

ಹಾಗಾದರೆ ವಿಷಯ ಮುಗಿಯಿತೇ? ಭೌತವಿಜ್ಞಾನದ ಮಟ್ಟಿಗೆ ಮುಗಿಯಿತು. ಆದರೆ ಲೆಕ್ಕ ಹಾಕುವ ರೀತಿಯ ಬಗ್ಗೆ ಕೆಲವು ವಿದ್ವಾಂಸರು ಎತ್ತಿದ ಪ್ರಶ್ನೆಗಳು ಉಳಿದಿವೆ. ಬ್ರೂಕ್‌ಹೇವನ್ ಯಂತ್ರದ ಬಗ್ಗೆ ಸರ್ನ್‌ನ ವಿಜ್ಞಾನಿಗಳು ಬರೆದ ಒಂದು ಪ್ರಬಂಧದಲ್ಲಿ ಅನಾಹುತದ ಸಂಭವ ಐದು ಕೋಟಿಗೆ ಒಂದಕ್ಕಿಂತ ಕಡಿಮೆ ಎಂಬ ಮಿತಿ ಇತ್ತು. ಇದು ನಿಜವಾದ ಸಂಭವವಲ್ಲ, ಇದಕ್ಕಿಂತ ಹೆಚ್ಚಿರಲಾರದು ಎನ್ನುವ ಗೆರೆ ಅಷ್ಟೆ. ಆದರೂ ಕೇಂಬ್ರಿಜ್‌ನ ಏಡ್ರಿಯನ್ ಕೆಂಟ್ ಕೇಳಿದ್ದು ಸರಿಯಾದ ಪ್ರಶ್ನೆ. ಪಣಕ್ಕಿರುವುದು ಇಡೀ ಮನುಕುಲವಾದಾಗ ಈ ಗೆರೆ ಸಾಕೇ? ಅಂದಿನ 600 ಕೋಟಿ ಜನಸಂಖ್ಯೆಯನ್ನು ಐದು ಕೋಟಿಯಿಂದ ಭಾಗಿಸಿದರೆ 120 ಬರುತ್ತದೆ. ಸರಾಸರಿ 120 ಜೀವಗಳ ನಷ್ಟಕ್ಕೆ ಸಮನಾದ ಅಪಾಯವನ್ನು ಬೇರೆ ಯಾವ ಕಾರ್ಖಾನೆಗೂ ನಾವು ಸುಮ್ಮನೆ ಒಪ್ಪುವುದಿಲ್ಲ. ನಿಕ್ ಬೋಸ್ಟ್ರಮ್ ಮತ್ತು ಮ್ಯಾಕ್ಸ್ ಟೆಗ್‌ಮಾರ್ಕ್ 2005ರಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟರು. ಭೂಮಿ ಉಳಿದಿರುವುದರಿಂದ ಅಪಾಯವಿಲ್ಲ ಎಂದು ವಾದಿಸುವಾಗ, ಭೂಮಿ ಉಳಿಯದಿದ್ದರೆ ವಾದಿಸಲು ನಾವೇ ಇರುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಅದನ್ನೂ ಲೆಕ್ಕಕ್ಕೆ ಹಿಡಿದ ಮೇಲೆ ಅವರು ಮುಟ್ಟಿದ ಮಿತಿ ನೂರು ಕೋಟಿ ವರ್ಷಕ್ಕೆ ಒಂದು ಅನಾಹುತಕ್ಕಿಂತ ಕಡಿಮೆ. ಆಕ್ಸ್‌ಫರ್ಡ್‌ನ ಟೋಬಿ ಆರ್ಡ್ ಮತ್ತು ಸಂಗಡಿಗರು ಮತ್ತೂ ಒಂದು ಹೆಜ್ಜೆ ಮುಂದೆ ಹೋದರು. ವರದಿಯೊಂದು ಅಪಾಯ ಕೋಟಿಗೊಂದು ಎಂದು ಹೇಳಿದಾಗ, ಆ ವರದಿಯ ತರ್ಕವೇ ತಪ್ಪಾಗಿರುವ ಸಂಭವ ಅದಕ್ಕಿಂತ ಬಹಳ ಹೆಚ್ಚಿರುತ್ತದೆ ಎಂದರು. ಬಿಕಿನಿಯ ಲಿಥಿಯಂ ಅದಕ್ಕೆ ಸಾಕ್ಷಿ.

ಇವರೆಲ್ಲರಿಗಿಂತ ನನಗೆ ಹಿಡಿಸಿದ್ದು ಇಟಲಿಯ ಫ್ರಾನ್ಸೆಸ್ಕೊ ಕಾಲೊಜೆರೊ ಅವರ ಸಲಹೆ. ಅಣ್ವಸ್ತ್ರಗಳ ವಿರುದ್ಧ ದುಡಿಯುವ ವಿಜ್ಞಾನಿಗಳ ಪಗ್‌ವಾಶ್ ಸಂಘಟನೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಈ ಭೌತವಿಜ್ಞಾನಿ 2000ದಲ್ಲಿ ಬರೆದದ್ದು ಇಷ್ಟು. ಇಂಥ ಪ್ರಶ್ನೆ ಬಂದಾಗ ಎರಡು ತಂಡ ಮಾಡಿ. ಒಂದು ತಂಡದ ಕೆಲಸ ಅಪಾಯ ಇದೆ ಎಂದು ತೋರಿಸಲು ಶಕ್ತಿಮೀರಿ ಯತ್ನಿಸುವುದು. ಇನ್ನೊಂದರ ಕೆಲಸ ಅದಕ್ಕೆ ಉತ್ತರಿಸುವುದು. ಸರ್ನ್‌ನ 2008ರ ವರದಿ ಬರೆದ ಐವರಲ್ಲಿ ಹೆಚ್ಚಿನವರು ಸರ್ನ್‌ನವರೇ. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ, ವರದಿಯ ಬಗ್ಗೆಯೂ ಇಲ್ಲ. ಆದರೆ ತನ್ನ ಯೋಜನೆಯನ್ನು ತಾನೇ ಪರೀಕ್ಷಿಸಿ ಸರಿಯಿದೆ ಎಂದು ಹೇಳುವ ಸಂಸ್ಥೆಯನ್ನು ಹೊರಗಿನವನೊಬ್ಬ ಯಾಕೆ ನಂಬಬೇಕು ಎಂಬ ಪ್ರಶ್ನೆಗೆ ಶ್ವೇತಕುಬ್ಜಗಳು ಉತ್ತರ ಕೊಡಲಾರವು.

ನ್ಯಾಯಾಲಯಗಳೂ ಉತ್ತರ ಕೊಡಲಿಲ್ಲ. ವ್ಯಾಗ್ನರ್ ಮತ್ತು ಇನ್ನೊಬ್ಬರು 2008ರ ಮಾರ್ಚ್‌ನಲ್ಲಿ ಹವಾಯಿಯಲ್ಲಿ ಹೂಡಿದ ದಾವೆ ತನ್ನ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ ಎಂದು ಅಲ್ಲಿನ ನ್ಯಾಯಾಲಯ ವಜಾಮಾಡಿತು. ಯಂತ್ರವನ್ನು ತಡೆಯಬೇಕೆಂದು ಜರ್ಮನಿಯ ಓಟೊ ರೋಸ್ಲರ್ ಮತ್ತಿತರರು ಕೇಳಿಕೊಂಡದ್ದನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದೇ ವರ್ಷದ ಆಗಸ್ಟ್‌ನಲ್ಲಿ ನಿರಾಕರಿಸಿತು. ಈ ಎರಡು ನ್ಯಾಯಾಲಯಗಳೂ ಕಪ್ಪುಕುಳಿಯ ವಾದದ ಒಳಗೆ ಇಳಿದು ಸರಿ ತಪ್ಪು ಹೇಳಲಿಲ್ಲ. ಖಾಲಿ ಬಿಟ್ಟ ಆ ಜಾಗವನ್ನು ಕಟ್ಟುಕಥೆಗಳು ತುಂಬಿಕೊಂಡವು. ಭಾರತ ಸರ್ಕಾರ 2004ರಲ್ಲಿ ಸರ್ನ್‌ಗೆ ಉಡುಗೊರೆಯಾಗಿ ಕೊಟ್ಟ ನಟರಾಜನ ವಿಗ್ರಹದ ಮುಂದೆ ನರಬಲಿ ನಡೆಯುತ್ತಿರುವಂತೆ ನಟಿಸಿ ತೆಗೆದ ವಿಡಿಯೊ 2016ರಲ್ಲಿ ಲೋಕವೆಲ್ಲ ಸುತ್ತಿತು. ಪ್ರಳಯಕಾರಕ ದೇವರನ್ನು ಪೂಜಿಸುವ ವಿಜ್ಞಾನಿಗಳ ಕಥೆ ಇದರಿಂದ ಬಲ ಪಡೆದು ಇಂದಿಗೂ ಓಡಾಡುತ್ತಿದೆ.

ಅದೇ ಯಂತ್ರದಲ್ಲಿ ನಿಜವಾಗಿ ಆದ ಅವಘಡವನ್ನು ಮಾತ್ರ ಬಹಳ ಜನ ಮರೆತಿದ್ದಾರೆ. ಪ್ರಾರಂಭವಾದ ಒಂಬತ್ತು ದಿನಕ್ಕೆ, 2008ರ ಸೆಪ್ಟೆಂಬರ್ 19ರಂದು, ಎರಡು ಅಯಸ್ಕಾಂತಗಳ ನಡುವಿನ ವಿದ್ಯುತ್ ಜೋಡಣೆಯೊಂದು ಕರಗಿತು. ಹಲವು ಟನ್ ಹೀಲಿಯಂ ಸುರಂಗಕ್ಕೆ ನುಗ್ಗಿ, ಹತ್ತಾರು ಟನ್ ತೂಕದ ಅಯಸ್ಕಾಂತಗಳು ಕಿತ್ತು ಜರುಗಿದವು. 53 ಅಯಸ್ಕಾಂತಗಳನ್ನು ಮೇಲಕ್ಕೆ ತಂದು ದುರಸ್ತಿ ಮಾಡಬೇಕಾಯಿತು. ಒಳಗೆ ಯಾರೂ ಇರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಜಪಾನಿನ ಸೂಪರ್ ಕಮಿಯೊಕಾಂಡೆ ಎಂಬ ಭೂಗತ ಪ್ರಯೋಗದಲ್ಲಿ 2001ರ ನವೆಂಬರ್‌ನಲ್ಲಿ ನೀರಿನಡಿ ಒಂದು ಗಾಜಿನ ನಳಿಗೆ ಒಡೆದು, ಅದರ ಆಘಾತಕ್ಕೆ ಪಕ್ಕದ್ದು, ಅದರ ಪಕ್ಕದ್ದು ಒಡೆಯುತ್ತಾ 11,000ದಲ್ಲಿ ಅರ್ಧಕ್ಕೂ ಹೆಚ್ಚು ನಳಿಗೆಗಳು ಕ್ಷಣಗಳಲ್ಲಿ ಪುಡಿಯಾದವು. ದೊಡ್ಡ ಪ್ರಯೋಗಗಳ ಅಪಾಯ ಇರುವುದು ಇಂಥಲ್ಲಿ. ಬೆಸುಗೆಯಲ್ಲಿ, ಗಾಜಿನಲ್ಲಿ, ಕೊಳವೆಯಲ್ಲಿ.

ಕೊಳವೆ ಎಂದರೆ ಇಟಲಿಯ ಗ್ರಾನ್ ಸಾಸ್ಸೊ ನೆನಪಾಗುತ್ತದೆ. ಅಲ್ಲಿ 1,400 ಮೀಟರ್ ಬಂಡೆಯ ಕೆಳಗೆ, ಹೆದ್ದಾರಿ ಸುರಂಗದ ಪಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಭೂಗತ ಪ್ರಯೋಗಾಲಯಗಳಲ್ಲಿ ಒಂದಿದೆ. ಅದೇ ಬೆಟ್ಟದ ಹೊಟ್ಟೆಯಲ್ಲಿ ಅಬ್ರುಜ್ಜೊ ಸೀಮೆಯ ಲಕ್ಷಾಂತರ ಜನರ ಕುಡಿಯುವ ನೀರಿನ ಸೆಲೆಯೂ ಇದೆ. 2002ರ ಆಗಸ್ಟ್‌ನಲ್ಲಿ ನ್ಯೂಟ್ರಿನೊ ಎಂಬ ಅತಿ ಹಗುರ ಕಣಗಳನ್ನು ಹಿಡಿಯುವ ಬೊರೆಕ್ಸಿನೊ ಪ್ರಯೋಗದ ಕೆಲಸದ ವೇಳೆ ಸುಮಾರು 50 ಲೀಟರ್ ರಾಸಾಯನಿಕ ದ್ರವ ಸೋರಿ ಹೊರಗಿನ ಹಳ್ಳ ಸೇರಿತು. ಪ್ರಮಾಣ ಸಣ್ಣದು. ಆದರೆ ಬೆಟ್ಟದ ಒಳಗಿನ ಚರಂಡಿಗೂ ಊರಿನ ಹಳ್ಳಕ್ಕೂ ಸಂಬಂಧ ಇದೆ ಎಂಬುದು ಅಂದು ಎಲ್ಲರಿಗೂ ಕಂಡಿತು. ಮರುವರ್ಷ ನ್ಯಾಯಾಧಿಕಾರಿಗಳು ಪ್ರಯೋಗದ ಅಂಗಳಕ್ಕೆ ಬೀಗ ಜಡಿದರು. ಬೊರೆಕ್ಸಿನೊ ಮಾಹಿತಿ ಸಂಗ್ರಹ ಶುರುಮಾಡಿದ್ದು 2007ರಲ್ಲಿ. ಆಮೇಲೆ ಅದು ಸೂರ್ಯನ ಒಡಲಿನ ಬಗ್ಗೆ ಅಪೂರ್ವವಾದ ಸಂಗತಿಗಳನ್ನು ತಿಳಿಸಿಕೊಟ್ಟಿತು. ಆದರೂ ಊರಿನವರ ಅನುಮಾನ ಪೂರ್ತಿ ಹೋಗಲಿಲ್ಲ. ಹೋಗಬೇಕೆಂದು ಕೇಳುವ ಹಕ್ಕು ನಮಗಿದೆ ಎಂದೂ ನನಗನ್ನಿಸುವುದಿಲ್ಲ.

ನಮ್ಮ ನೆಲದ ಕಥೆಯೂ ನ್ಯೂಟ್ರಿನೊದ್ದೇ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಜಗತ್ತು ಮೊದಲು ಕಂಡ ಜಾಗಗಳಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯೂ ಒಂದು. ಮೈಸೂರು ಸೀಮೆಯ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಉಪಕರಣ ಹೊತ್ತು ಆ ಗಣಿಗಳಿಗೆ ಇಳಿದಿದ್ದರು. 1965ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಮ್‌ನ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಆ ನ್ಯೂಟ್ರಿನೊಗಳ ಗುರುತುಗಳನ್ನು ಹಿಡಿದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇನ್ನೊಂದು ತಂಡ ಅದೇ ಹೊತ್ತಿಗೆ ಹಿಡಿಯಿತು. ಕೋಲಾರದ ಕೆಲಸ ನಡೆದದ್ದು ಗಣಿಯ ಒಳಗೆ, ಗಣಿಯವರ ನೆರವಿನಲ್ಲಿ. ನ್ಯೂಟ್ರಿನೊ ಬೆದರಿಕೆಯ ವಸ್ತುವಾಗಿರಲಿಲ್ಲ. ಆಗಬೇಕಾದ ಕಾರಣವೂ ಇಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೊಗಳು ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರನ್ನು ಸೆಕೆಂಡಿಗೆ 6,000 ಕೋಟಿಯಷ್ಟು ಹಾದುಹೋಗುತ್ತಿರುತ್ತವೆ, ಹಗಲೂ ರಾತ್ರಿಯೂ.

ಗಣಿ 2001ರಲ್ಲಿ ಮುಚ್ಚಿದ ಮೇಲೆ ಹೊಸ ಜಾಗ ಬೇಕಾಯಿತು. ಇಂಡಿಯಾ ಬೇಸ್ಡ್ ನ್ಯೂಟ್ರಿನೊ ಅಬ್ಸರ್ವೇಟರಿಗೆ ಮೊದಲು ಆರಿಸಿದ್ದು ನೀಲಗಿರಿಯ ಸಿಂಗಾರವನ್ನು, ನಮ್ಮ ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯ ಪಕ್ಕದಲ್ಲಿ. ಆನೆಗಳು ಓಡಾಡುವ ದಾರಿ ಅದು. 2009ರಲ್ಲಿ ಪರಿಸರ ಸಚಿವ ಜೈರಾಮ್ ರಮೇಶ್ ಅನುಮತಿ ನಿರಾಕರಿಸಿದರು. ಸರಿಯಾದ ನಿರ್ಧಾರ. ಆಮೇಲೆ ಗೊತ್ತಾದದ್ದು ತಮಿಳುನಾಡಿನ ತೇನಿ ಜಿಲ್ಲೆಯ ಪೊಟ್ಟಿಪುರಂ ಹಳ್ಳಿಯ ಬಳಿಯ ಗುಡ್ಡ. ಸುಮಾರು 2 ಕಿಲೋಮೀಟರ್ ಸುರಂಗ, ಅದರ ಕೊನೆಯಲ್ಲಿ 50,000 ಟನ್ ಕಬ್ಬಿಣದ ಅಯಸ್ಕಾಂತ, 1,500 ಕೋಟಿ ರೂಪಾಯಿ ವೆಚ್ಚ. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಅಷ್ಟರಲ್ಲೇ ಭಯ ಬೆಳೆದಿತ್ತು. ವಿಕಿರಣ ಹರಡುತ್ತದೆ, ಅಮೆರಿಕದಿಂದ ನೆಲದೊಳಗೇ ನ್ಯೂಟ್ರಿನೊ ಕಿರಣ ಬಿಡುತ್ತಾರೆ, ಸಿಡಿಮದ್ದಿಗೆ ಇಡುಕ್ಕಿ ಮತ್ತು ಮುಲ್ಲಪೆರಿಯಾರ್ ಅಣೆಕಟ್ಟುಗಳು ಅಲುಗುತ್ತವೆ, ಸುರಂಗದಲ್ಲಿ ಅಣುತ್ಯಾಜ್ಯ ಹೂಳುತ್ತಾರೆ. 2009ರ ಹಾಲಿವುಡ್ ಪ್ರಳಯ ಚಿತ್ರವೊಂದು ಭಾರತದ ಆಳದ ಗಣಿಯಲ್ಲಿ ನ್ಯೂಟ್ರಿನೊಗಳಿಂದ ನೀರು ಕುದಿಯುವ ದೃಶ್ಯದಿಂದಲೇ ಶುರುವಾಗುತ್ತದೆ, ಅದನ್ನೂ ಜನ ನೋಡಿದ್ದರು. ವಿಜ್ಞಾನಿಗಳು ಹಳ್ಳಿಗಳಿಗೆ ಹೋಗಿ ತಮಿಳಿನಲ್ಲೇ ವಿವರಿಸಿದರು. ವಿಕಿರಣದ ಬಗ್ಗೆ, ಕಿರಣಗಳ ಬಗ್ಗೆ ಅವರು ಹೇಳಿದ್ದು ಪೂರ್ತಿ ನಿಜ. ಆದರೆ ಅಣುತ್ಯಾಜ್ಯದ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. ಕೂಡಂಕುಳಂನ ತ್ಯಾಜ್ಯವನ್ನು ಮುಚ್ಚಿದ ಕೋಲಾರದ ಗಣಿಗಳಲ್ಲಿ ಇಡುವ ಮಾತು 2012ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲೇ ಬಂದಿತ್ತು. ಕೆಜಿಎಫ್ ಜನ ಬೀದಿಗಿಳಿದರು, ಅಂಥ ಯೋಜನೆ ಇಲ್ಲ ಎಂದು ಸರ್ಕಾರ ಹೇಳಬೇಕಾಯಿತು. ನ್ಯೂಟ್ರಿನೊ ಸಿಕ್ಕಿದ ಗಣಿಗೇ ಅಣುತ್ಯಾಜ್ಯದ ಹೆಸರೂ ಅಂಟಿತು. ಚಿನ್ನ ತೆಗೆದು ಬಿಟ್ಟ ಮಣ್ಣಿನ ಸೈನೈಡ್ ದಿಬ್ಬಗಳ ಧೂಳನ್ನು ಬೇಸಿಗೆಯುದ್ದಕ್ಕೂ ಉಸಿರಾಡುವ ಊರಿಗೆ, ಏನೂ ಆಗುವುದಿಲ್ಲ ಎಂಬ ಸರ್ಕಾರದ ಮಾತು ಎಷ್ಟು ತೂಗುತ್ತದೆ? ಪೊಟ್ಟಿಪುರಂನ ರೈತ ಭೌತವಿಜ್ಞಾನವನ್ನು ಸಂಶಯಿಸಲಿಲ್ಲ. ಅದನ್ನು ತಂದವರ ಜೊತೆಗಿದ್ದ ಸರ್ಕಾರವನ್ನು ಸಂಶಯಿಸಿದ.

ಯೋಜನೆ ಎಡವಿದ್ದೂ ಭೌತವಿಜ್ಞಾನದಲ್ಲಲ್ಲ. ಪರಿಸರ ಪರಿಣಾಮದ ವರದಿ ಬರೆದ ಸಂಸ್ಥೆಗೆ ಆ ಬಗೆಯ ಕೆಲಸಕ್ಕೆ ಬೇಕಾದ ಮಾನ್ಯತೆ ಇರಲಿಲ್ಲ. ಕೇರಳದ ಮತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನ 5 ಕಿಲೋಮೀಟರ್ ಒಳಗೇ ಇತ್ತು. 2017ರ ಮಾರ್ಚ್‌ನಲ್ಲಿ ಹಸಿರು ನ್ಯಾಯಮಂಡಳಿ ಅನುಮತಿಯನ್ನು ತಡೆಹಿಡಿಯಿತು. ಮರುವರ್ಷ ಪರಿಸರ ಸಚಿವಾಲಯ ಇದನ್ನು ವಿಶೇಷ ಪ್ರಕರಣವೆಂದು ಕಟ್ಟಡ ನಿರ್ಮಾಣದ ವರ್ಗದಡಿ ಪರಿಶೀಲಿಸಿ ಮತ್ತೆ ಅನುಮತಿ ಕೊಟ್ಟಿತು. ಆ ವರ್ಗಕ್ಕೆ ಸಾರ್ವಜನಿಕ ಅಹವಾಲು ಕಡ್ಡಾಯವಲ್ಲ. ಗುಡ್ಡದೊಳಗೆ ಎರಡು ಕಿಲೋಮೀಟರ್ ಸಿಡಿಮದ್ದು ಹಾಕಿ ಲಕ್ಷಾಂತರ ಟನ್ ಬಂಡೆ ಹೊರಗೆ ತೆಗೆಯುವ ಕೆಲಸವನ್ನು ಕಟ್ಟಡ ಎಂದು ಕರೆದ ದಿನ, ನನ್ನ ಎಣಿಕೆಯಲ್ಲಿ, ವಿಜ್ಞಾನಿಗಳು ಹಳ್ಳಿ ಹಳ್ಳಿ ಸುತ್ತಿ ಗಳಿಸಿದ್ದೆಲ್ಲ ಕೈಬಿಟ್ಟುಹೋಯಿತು. 2022ರಲ್ಲಿ ತಮಿಳುನಾಡು ಸರ್ಕಾರ ಸುಪ್ರೀಂ ಕೋರ್ಟಿಗೆ ಯೋಜನೆ ಬೇಡ ಎಂದು ಬರೆದುಕೊಟ್ಟಿತು. ಅದರಲ್ಲಿ ಮುಂದಿಟ್ಟ ಕಾರಣ ಹುಲಿಗಳ ಓಡಾಟದ ದಾರಿ ಮತ್ತು ಪಶ್ಚಿಮ ಘಟ್ಟದ ಕಾಡು. ಇತ್ತ ಚೀನಾದ ಗುವಾಂಗ್‌ಡಾಂಗ್‌ನಲ್ಲಿ 20,000 ಟನ್ ದ್ರವದ ಜೂನೊ ಪ್ರಯೋಗ 2025ರ ಆಗಸ್ಟ್‌ನಲ್ಲಿ ಕೆಲಸ ಶುರುಮಾಡಿದೆ. ಮೂರು ನ್ಯೂಟ್ರಿನೊಗಳಲ್ಲಿ ಯಾವುದು ಭಾರ, ಯಾವುದು ಹಗುರ ಎಂಬ, ನಾವು ಬೇರೆ ದಾರಿಯಿಂದ ಕೇಳಬೇಕೆಂದಿದ್ದ ಪ್ರಶ್ನೆಯನ್ನೇ ಅದು ಕೇಳುತ್ತಿದೆ. ಕೋಲಾರದ ಪರಂಪರೆಯುಳ್ಳ ದೇಶಕ್ಕೆ ಇದು ನಿಜವಾದ ನಷ್ಟ. ಅದನ್ನು ಹೇಳಲು ನನಗೆ ನೋವಿದೆ.

ಸರ್ನ್ ಸುಮಾರು 91 ಕಿಲೋಮೀಟರ್ ಸುತ್ತಳತೆಯ ಹೊಸ ಯಂತ್ರದ ಸಾಧ್ಯತಾ ವರದಿಯನ್ನು 2025ರಲ್ಲಿ ಹೊರತಂದಿದೆ. ಜಿನೀವಾ ಸುತ್ತಲಿನ ಸ್ವಿಸ್ ಮತ್ತು ಫ್ರೆಂಚ್ ಹಳ್ಳಿಗಳಲ್ಲಿ ಕಪ್ಪುಕುಳಿಯ ಮಾತಿಗಿಂತ ಬೇರೆ ಮಾತು ಜೋರಾಗಿದೆ. ಅಗೆದ ಲಕ್ಷಗಟ್ಟಲೆ ಘನ ಮೀಟರ್ ಮಣ್ಣು ಎಲ್ಲಿಗೆ ಹೋಗುತ್ತದೆ, ಲಾರಿಗಳು ಯಾವ ರಸ್ತೆಯಲ್ಲಿ ಓಡುತ್ತವೆ, ಹುಲ್ಲುಗಾವಲು ಎಷ್ಟು ಹೋಗುತ್ತದೆ, ವಿದ್ಯುತ್ ಮತ್ತು ನೀರು ಎಷ್ಟು ಬೇಕು. ಫ್ರಾನ್ಸಿನಲ್ಲಿ ಇಷ್ಟು ದೊಡ್ಡ ಯೋಜನೆಗೆ ಮುಂಚಿತವಾಗಿ ಸಾರ್ವಜನಿಕ ಚರ್ಚೆ ನಡೆಸುವ ವ್ಯವಸ್ಥೆ ಕಾನೂನಿನಲ್ಲೇ ಇದೆ. ಕಪ್ಪುಕುಳಿಯ ಪ್ರಶ್ನೆಗೆ ಗಿಡಿಂಗ್ಸ್ ಮತ್ತು ಮಂಗಾನೊ ಕೊಟ್ಟಷ್ಟು ಗಂಭೀರವಾದ ಉತ್ತರವನ್ನು ಈ ಪ್ರಶ್ನೆಗಳಿಗೂ ಕೊಡಲು ಅಲ್ಲಿ ಈಗ ಅವಕಾಶವಿದೆ.

ನಮ್ಮಲ್ಲೂ ಇಂಥ ಯೋಜನೆ ಮತ್ತೆ ತಲೆಯೆತ್ತಿದರೆ, ಅದು ತೇನಿಯಲ್ಲಿರಲಿ ಕರ್ನಾಟಕದಲ್ಲಿರಲಿ, ಕಾಲೊಜೆರೊ ಹೇಳಿದ ಎರಡು ತಂಡಗಳನ್ನು ಊರಿನಿಂದಲೇ ಕಟ್ಟಬೇಕು. ಗುಡ್ಡದ ಸೆಲೆ ಯಾವ ಬಾವಿಗೆ ಹರಿಯುತ್ತದೆ ಎಂದು ನೋಡುವ ಜಲತಜ್ಞರನ್ನು ಊರಿನವರು ಆರಿಸಲಿ, ಅವರ ಸಂಬಳವನ್ನು ಯೋಜನೆ ಕೊಡಲಿ. ಅವರ ವರದಿ ಊರಿನ ಭಾಷೆಯಲ್ಲಿ, ಮೊದಲ ಸಿಡಿಮದ್ದು ಇಡುವುದಕ್ಕೆ ಮುಂಚೆ, ಗ್ರಾಮಸಭೆಯಲ್ಲಿ ಓದಿ ಹೇಳುವಂತಾಗಲಿ. ಬೇಡ ಎನ್ನುವ ಅಧಿಕಾರವೂ ಆ ಸಭೆಗಿರಲಿ.